ಎಂಟು ಅಂಗಗಳ ಕಾಳಗ: ಕಲಿಕೆ ಬೇರೆ, ಕಾದಾಟ ಬೇರೆ

ಬಾಕ್ಸಿಂಗ್ ಎಂದರೆ ಮುಷ್ಟಿಯ ಆಟ. ಆದರೆ ಥಾಯ್ಲೆಂಡಿನ ‘ಮುಯ್ ಥಾಯ್’ನಲ್ಲಿ ಮುಷ್ಟಿಯೊಂದೇ ಸಾಲದು. ಎರಡು ಮುಷ್ಟಿ, ಎರಡು ಮೊಣಕೈ, ಎರಡು ಮೊಣಕಾಲು, ಎರಡು ಕಾಲು ಎಲ್ಲವೂ ಇಲ್ಲಿ ಆಯುಧಗಳೇ. ಅದಕ್ಕೇ ಇದನ್ನು ‘ಎಂಟು ಅಂಗಗಳ ಕಲೆ’ ಎನ್ನುತ್ತಾರೆ.

ಬಿರುಸಿನ ಆಟವೆಂದು ಮೊದಲ ದಿನವೇ ಒದೆಯಲು ಕಲಿಸುವುದಿಲ್ಲ. ಮೊದಲು ಕಲಿಯಬೇಕಾದದ್ದು ನಿಲ್ಲುವುದನ್ನು. ಒಂದು ಕಾಲು ಮುಂದೆ, ಒಂದು ಹಿಂದೆ. ಗಲ್ಲ ತಗ್ಗಿರಬೇಕು, ಎರಡೂ ಕೈ ಮುಖದ ಬಳಿ ಇರಬೇಕು. ಸಮತೋಲ ತಪ್ಪಿದವನ ಒದೆತ ಎದುರಾಳಿಗಿಂತ ಮೊದಲು ಅವನನ್ನೇ ಕೆಡವುತ್ತದೆ.

ಥಾಯ್ಲೆಂಡಿನ ತರಬೇತಿ ಶಿಬಿರಗಳಲ್ಲಿ ದಿನ ಶುರುವಾಗುವುದು ಬೆಳಗಿನ ಜಾವದ ಓಟದಿಂದ. ಆಮೇಲೆ ಹಗ್ಗ ಜಿಗಿತ, ಎದುರಾಳಿ ಇದ್ದಾನೆಂದು ಭಾವಿಸಿಕೊಂಡು ಗಾಳಿಯಲ್ಲೇ ಅಭ್ಯಾಸ, ತೂಗುಬಿಟ್ಟ ಭಾರದ ಚೀಲಕ್ಕೆ ಹೊಡೆತ. ಗುರು ಎರಡೂ ಕೈಗೆ ದಪ್ಪನೆಯ ಪ್ಯಾಡ್ ಕಟ್ಟಿಕೊಂಡು ನಿಂತರೆ, ಶಿಷ್ಯ ಅವರು ಹೇಳಿದ ಏಟನ್ನು ಹೇಳಿದ ಕ್ಷಣದಲ್ಲಿ ಹೊಡೆಯಬೇಕು. ಬೀಸಿ ಒದೆಯುವಾಗ ತಾಗಬೇಕಾದದ್ದು ಪಾದವಲ್ಲ, ಮೊಣಕಾಲಿನ ಕೆಳಗಿನ ಮೂಳೆ. ಬಲ ಬರುವುದು ಸೊಂಟದ ತಿರುವಿನಿಂದ. ಜೊತೆಗಾರರೊಡನೆ ಕಾದುವ ಅಭ್ಯಾಸ ಬಹುಮಟ್ಟಿಗೆ ಹಗುರ. ನಾಳೆಯೂ ತಾಲೀಮಿಗೆ ಬರಬೇಕಲ್ಲ!

ಗುರುಭಕ್ತಿಯಲ್ಲಿ ಇದು ನಮ್ಮ ಗರಡಿಯನ್ನು ನೆನಪಿಸುತ್ತದೆ. ಪಂದ್ಯಕ್ಕೆ ಮುನ್ನ ಆಟಗಾರ ತಲೆಗೆ ‘ಮೊಂಗ್‌ಕೊನ್’ ಎಂಬ ಪಟ್ಟಿ ಧರಿಸಿ, ವಾದ್ಯಗಳ ಲಯಕ್ಕೆ ನಿಧಾನವಾಗಿ ನರ್ತಿಸುತ್ತ ಗುರುವಿಗೆ ವಂದಿಸುತ್ತಾನೆ. ಇದೇ ‘ವಾಯ್ ಖ್ರು’. ಕಾಳಗ ಶುರುವಾಗುವ ಮೊದಲು ಪಟ್ಟಿಯನ್ನು ತೆಗೆಯಲಾಗುತ್ತದೆ. ಬ್ಯಾಂಕಾಕಿನ ರಾಜದಮ್ನೆರ್ನ್ ಕ್ರೀಡಾಂಗಣದಲ್ಲಿ 1945ರಿಂದಲೂ ಈ ದೃಶ್ಯ ಕಾಣಸಿಗುತ್ತದೆ. ಸಾಂಪ್ರದಾಯಿಕ ಪಂದ್ಯವೆಂದರೆ ಮೂರು ಮೂರು ನಿಮಿಷಗಳ ಐದು ಸುತ್ತು, ನಡುವೆ ಎರಡು ನಿಮಿಷ ವಿಶ್ರಾಂತಿ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2021ರಲ್ಲಿ ಈ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟಕ್ಕೆ ಪೂರ್ಣ ಮಾನ್ಯತೆ ನೀಡಿತು.

ಈ ಕಥೆಗೆ ಇನ್ನೊಂದು ಮುಖವೂ ಇದೆ. ಥಾಯ್ಲೆಂಡಿನ ಬಡ ರೈತ ಕುಟುಂಬಗಳ ಎಷ್ಟೋ ಮಕ್ಕಳು ಪಂದ್ಯದ ಹಣಕ್ಕಾಗಿ ಎಳೆಯ ವಯಸ್ಸಿನಲ್ಲೇ ಅಂಕಣಕ್ಕೆ ಇಳಿಯುತ್ತಾರೆ. 2018ರ ನವೆಂಬರಿನಲ್ಲಿ ಬ್ಯಾಂಕಾಕ್ ಸಮೀಪದ ಸಮುತ್ ಪ್ರಾಕಾನ್‌ನಲ್ಲಿ 13 ವರ್ಷದ ಬಾಲಕನೊಬ್ಬ ತಲೆಗೆ ರಕ್ಷಾಕವಚವಿಲ್ಲದೆ ಕಾದಾಡಿ, ಮಿದುಳಿನ ರಕ್ತಸ್ರಾವದಿಂದ ಸತ್ತ. ಬಾಲ ಬಾಕ್ಸರ್‌ಗಳ ಮಿದುಳನ್ನು ಎಂಆರ್‌ಐ ಯಂತ್ರದಿಂದ ಪರೀಕ್ಷಿಸಿದ ಬ್ಯಾಂಕಾಕಿನ ರಾಮಾಧಿಬೋದಿ ಆಸ್ಪತ್ರೆಯ ತಜ್ಞರು, ಮತ್ತೆ ಮತ್ತೆ ಬೀಳುವ ಏಟಿನಿಂದ ಹಾನಿಯಾಗುತ್ತದೆ ಎಂದು ಎಚ್ಚರಿಸಿದ್ದಾರೆ.

ಹಾಗೆಂದು ಕಲಿಯಲೇಬಾರದೆಂದಲ್ಲ. ಓಟ, ಹಗ್ಗ, ಚೀಲ, ಪ್ಯಾಡ್ ಇವುಗಳಿಂದ ದಮ್ಮು, ಚುರುಕು, ಶಿಸ್ತು ಬರುತ್ತವೆ. ಅದಕ್ಕಾಗಿ ತಲೆಗೆ ಏಟು ತಿನ್ನಬೇಕಿಲ್ಲ. ಮಕ್ಕಳನ್ನು ಸೇರಿಸುವ ಮುನ್ನ ತಂದೆ-ತಾಯಿ ತರಬೇತುದಾರರನ್ನು ಮೂರು ಮಾತು ಕೇಳಲಿ: ಎದುರುಬದುರು ಕಾದಾಟ ಯಾವಾಗ ಶುರು? ಆಗ ತಲೆಗೆ ಹೊಡೆಯಲು ಬಿಡುತ್ತೀರಾ? ಏಟು ಬಿದ್ದು ತಲೆ ಸುತ್ತಿದರೆ ಏನು ಮಾಡುತ್ತೀರಿ? ಒಳ್ಳೆಯ ಗುರು ಇಂಥ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ.