ಬೂಟ್ ಪಾಲಿಶ್ ಕಾರ್ಖಾನೆಯ ಹುಡುಗ

ಚಾರ್ಲ್ಸ್ ಡಿಕನ್ಸ್‌ಗೆ ಹನ್ನೆರಡು ತುಂಬಿದ್ದು 1824ರ ಫೆಬ್ರವರಿಯಲ್ಲಿ. ಓದಿನ ಹುಚ್ಚಿದ್ದ ಹುಡುಗನನ್ನು ಆ ತಿಂಗಳೇ ದುಡಿಯಲು ಕಳಿಸಿದರು. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ, ಇಲಿಗಳು ಓಡಾಡುವ ಹಳೇ ಕಟ್ಟಡದಲ್ಲಿದ್ದ ವಾರೆನ್ಸ್ ಬೂಟ್ ಪಾಲಿಶ್ ಕಾರ್ಖಾನೆ ಅದು. ಪಾಲಿಶ್ ಕುಡಿಕೆಯ ಬಾಯಿಗೆ ಎಣ್ಣೆಕಾಗದ, ಅದರ ಮೇಲೆ ನೀಲಿ ಕಾಗದ ಹೊದಿಸಿ, ದಾರ ಬಿಗಿದು, ಅಂಚನ್ನು ಒಪ್ಪವಾಗಿ ಕತ್ತರಿಸಿ, ಲೇಬಲ್ ಅಂಟಿಸಬೇಕು. ಕೂಲಿ ವಾರಕ್ಕೆ ಆರೇಳು ಶಿಲ್ಲಿಂಗ್. ಎರಡು ವಾರ ಕಳೆಯುವಷ್ಟರಲ್ಲಿ ಅಪ್ಪ ಜಾನ್ ಡಿಕನ್ಸ್ ಸಾಲ ತೀರಿಸಲಾರದೆ ಮಾರ್ಷಲ್‌ಸೀ ಸೆರೆಮನೆ ಸೇರಿದ. ಬೇಕರಿಯವನಿಗೆ ಕೊಡಬೇಕಿದ್ದದ್ದು 40 ಪೌಂಡು 10 ಶಿಲ್ಲಿಂಗ್. ಅಮ್ಮ, ಚಿಕ್ಕ ಮಕ್ಕಳೂ ಅಲ್ಲಿಗೇ ಹೋದರು.

ಚಾರ್ಲ್ಸ್‌ಗೆ ಕೆಲಸ ಕಲಿಸಿಕೊಟ್ಟವನು ಬಾಬ್ ಫೇಗಿನ್ ಎಂಬ ಹುಡುಗ. ಒಮ್ಮೆ ಚಾರ್ಲ್ಸ್‌ಗೆ ಪಕ್ಕೆನೋವು ಬಂದಾಗ ಪಾಲಿಶ್ ಬಾಟಲಿಗಳಿಗೆ ಬಿಸಿನೀರು ತುಂಬಿ ಶಾಖ ಕೊಟ್ಟ. ಸಂಜೆ ಮನೆ ಮುಟ್ಟಿಸುತ್ತೇನೆಂದು ಜೊತೆಗೇ ಹೊರಟ. ಮನೆಯವರೆಲ್ಲ ಜೈಲಿನಲ್ಲಿದ್ದಾರೆಂದು ಹೇಳುವುದು ಹೇಗೆ? ಸೌತ್‌ವರ್ಕ್ ಸೇತುವೆಯ ಬಳಿ ಯಾರದೋ ಮನೆ ಮುಂದೆ ನಿಂತು, ಇದೇ ನಮ್ಮ ಮನೆ ಎಂದು ಚಾರ್ಲ್ಸ್ ಕೈಕುಲುಕಿದ. ಬಾಬ್ ತಿರುಗಿ ನೋಡಿಬಿಟ್ಟಾನೆಂದು ಬಾಗಿಲನ್ನೂ ಬಡಿದ. ತೆರೆದ ಹೆಂಗಸನ್ನು, ಬಾಬ್ ಫೇಗಿನ್ ಮನೆ ಇದೇನಾ ಎಂದು ಕೇಳಿದ. ಮುಂದೆ ‘ಆಲಿವರ್ ಟ್ವಿಸ್ಟ್’ನಲ್ಲಿ ಮಕ್ಕಳಿಗೆ ಕಳ್ಳತನ ಕಲಿಸುವ ಖಳನಿಗೆ ಈ ಕರುಣಾಳುವಿನ ಹೆಸರೇ ಸಿಕ್ಕಿತು. ಅನ್ಯಾಯವೇ ಸರಿ. ಆದರೆ ಅವಮಾನದಲ್ಲಿ ಬೇಯುವ ಮಗುವಿಗೆ ಗುಟ್ಟಿನ ಹತ್ತಿರ ಸುಳಿಯುವ ಕರುಣೆಯೂ ಹೆದರಿಕೆ ಹುಟ್ಟಿಸುತ್ತದೆ.

ಮೇ ಕೊನೆಗೆ ಅಪ್ಪನ ಬಿಡುಗಡೆಯಾಯಿತು; ಮಗನದ್ದು ಆಗಲಿಲ್ಲ. ಕೆಲಸ ಕೊಡಿಸಿದ್ದ ನೆಂಟನೊಡನೆ ಕೊನೆಗೊಂದು ದಿನ ಅಪ್ಪ ಜಗಳವಾಡಿದ್ದರಿಂದ ಮಗ ಹೊರಬಂದ. ತಾಯಿ ಎಲಿಜಬೆತ್ ರಾಜಿ ಮಾಡಿಕೊಂಡು ಬಂದು, ಮತ್ತೆ ಹೋಗಲಿ ಎಂದಳು. ಅಪ್ಪ ಒಪ್ಪದೆ ಶಾಲೆಗೆ ಸೇರಿಸಿದ. ತಾಯಿಯ ಆ ಮಾತನ್ನು ಮರೆಯಲಾರೆನೆಂದು ಡಿಕನ್ಸ್ ಇಪ್ಪತ್ತು ವರ್ಷ ದಾಟಿದ ಮೇಲೂ ಆತ್ಮಕಥೆಯಲ್ಲಿ ಬರೆದಿಟ್ಟ. ಆ ಆತ್ಮಕಥೆ ಪೂರ್ತಿಯಾಗಲಿಲ್ಲ. ಗೆಳೆಯ ಜಾನ್ ಫಾರ್ಸ್ಟರ್ ಕೈಗಿತ್ತ ಆ ಪುಟಗಳು ಓದುಗರಿಗೆ ಸಿಕ್ಕಿದ್ದು ಡಿಕನ್ಸ್ 1870ರಲ್ಲಿ ತೀರಿಕೊಂಡ ಮೇಲೆಯೇ.

ಅಷ್ಟರಲ್ಲಿ ಅವು ಕಾದಂಬರಿಯಾಗಿದ್ದವು. 1849ರ ಮೇಯಿಂದ ಮರುವರ್ಷದ ನವೆಂಬರ್‌ವರೆಗೆ ತಿಂಗಳ ಕಂತುಗಳಲ್ಲಿ ಬಂದ ‘ಡೇವಿಡ್ ಕಾಪರ್‌ಫೀಲ್ಡ್’ನ ಹನ್ನೊಂದನೆಯ ಅಧ್ಯಾಯದಲ್ಲಿ ಅವುಗಳ ಸಾಲುಗಳು ಹೆಚ್ಚುಕಡಿಮೆ ಹಾಗೇ ಇವೆ. ಕಾರ್ಖಾನೆ ಮದ್ಯದ ಗೋದಾಮಾಯಿತು, ಹುಡುಗನ ವಯಸ್ಸು ಹತ್ತಕ್ಕಿಳಿಯಿತು. ಲೇಬಲ್ ಅಂಟಿಸುವುದು ತಪ್ಪಲಿಲ್ಲ.

ಉಳಿಸಿಕೊಂಡದ್ದಕ್ಕಿಂತ ಡಿಕನ್ಸ್ ಬದಲಿಸಿದ್ದೇ ನನ್ನನ್ನು ಹೆಚ್ಚು ಕಾಡುತ್ತದೆ. ಡೇವಿಡ್ ಅನಾಥ, ಅವನನ್ನು ದುಡಿಮೆಗೆ ತಳ್ಳುವವನು ಮಲತಂದೆ ಮರ್ಡ್‌ಸ್ಟೋನ್. ಡಿಕನ್ಸ್‌ನ ಸ್ವಂತ ಅಪ್ಪನ ಸಾಲ, ಜೈಲು, ದೊಡ್ಡ ದೊಡ್ಡ ಮಾತು ಮಿಕಾಬರ್‌ನ ಪಾಲಾದವು. ಅವನು ಹುಡುಗನಿಗೆ ಕೋಣೆ ಬಾಡಿಗೆ ಕೊಟ್ಟವನಷ್ಟೇ ಆದ್ದರಿಂದ ನಾವು ಸಿಟ್ಟಿಲ್ಲದೆ ನಗುತ್ತೇವೆ, ಪ್ರೀತಿಸುತ್ತೇವೆ. ಡೇವಿಡ್‌ನ ತಾಯಿ ಮಗನನ್ನು ಪ್ರೀತಿಸುತ್ತಲೇ, ಅವನ ಗೋದಾಮಿನ ದಿನಗಳಿಗೆ ಮುಂಚೆಯೇ ಸಾಯುತ್ತಾಳೆ. ಆದರೆ ಡೇವಿಡ್ ಜೊತೆ ದುಡಿದ ಹುಡುಗರು ಆ ಗೋದಾಮಿನಲ್ಲೇ ಉಳಿದುಬಿಡುತ್ತಾರೆ. ಅವರ ಬಾಲ್ಯದ ಬಗ್ಗೆ ಡಿಕನ್ಸ್ ಇಲ್ಲಿ ಹೆಚ್ಚು ವಿಚಾರಿಸುವುದಿಲ್ಲ. ನನಗೆ ಅದು ನೋವಿನ ಸಂಗತಿ.

ಓಡಿಹೋದ ಡೇವಿಡ್ ಡೋವರ್‌ವರೆಗೆ ನಡೆದು, ಅಪ್ಪನ ಅತ್ತೆ ಬೆಟ್ಸಿ ಟ್ರಾಟ್‌ವುಡ್‌ಳ ಮನೆ ಸೇರುತ್ತಾನೆ. ಈ ಹುಡುಗನನ್ನು ಏನು ಮಾಡೋಣವೆಂದು ಅವಳು ತನ್ನ ಮನೆಯಲ್ಲೇ ಇರುವ ಮಿಸ್ಟರ್ ಡಿಕ್‌ನನ್ನು ಕೇಳಿದರೆ, ಮೊದಲು ಮೀಯಿಸಿ ಎನ್ನುತ್ತಾನೆ ಆ ಮುಗ್ಧ. ಮುಂದೆ ಮರ್ಡ್‌ಸ್ಟೋನ್ ಬಂದಾಗ ಬೆಟ್ಸಿ ಹುಡುಗನನ್ನು ಬಿಟ್ಟುಕೊಡದೆ ಆ ಮಲತಂದೆಯನ್ನೇ ಮನೆಯಿಂದಾಚೆ ಅಟ್ಟುತ್ತಾಳೆ. ಡೇವಿಡ್‌ನನ್ನು ಶಾಲೆಗೆ ಸೇರಿಸುತ್ತಾಳೆ. ಎಲಿಜಬೆತ್ ಹೇಳದೆ ಹೋದದ್ದನ್ನು ಮಗ ಇಪ್ಪತ್ತೈದು ವರ್ಷದ ಮೇಲೆ ಇನ್ನೊಬ್ಬ ಹೆಂಗಸಿನ ಬಾಯಲ್ಲಿ ಹೇಳಿಸಿದ್ದಾನೆ.