ವಿಮಾನಯಾನದ ಚಿನ್ನದ ಕಾರ್ಡು: ಯಾರಿಗೆ, ಎಷ್ಟು ಉಪಯೋಗ?

ಕಲಬುರಗಿಯ ಶರಣಬಸವೇಶ್ವರರ ರಥೋತ್ಸವಕ್ಕೆಂದು ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಂದ ಬಂಡಿ ಕಟ್ಟಿಕೊಂಡು ಹೊರಡುತ್ತಿದ್ದ ಮನೆತನಗಳ ಮೊಮ್ಮಕ್ಕಳು ಇಂದು ಸಮುದ್ರದಾಚೆ ಉದ್ಯೋಗದಲ್ಲಿದ್ದಾರೆ. 2019ರ ನವೆಂಬರ್ 22ರಂದು ಶ್ರೀನಿವಾಸ ಸರಡಗಿಯ ಬಳಿ ಕಲಬುರಗಿ ವಿಮಾನ ನಿಲ್ದಾಣವು ಆರಂಭವಾದಾಗ ತೊಗರಿ ಹೊಲದಲ್ಲಿ ನಿಂತವರು ತಲೆಯೆತ್ತಿ ನೋಡಿದ್ದುಂಟು. ಆದರೆ ಪರದೇಶದ ಮಕ್ಕಳು ಬರುವುದು ಹೆಚ್ಚಾಗಿ ಹೈದರಾಬಾದಿನ ಶಂಷಾಬಾದ್ ನಿಲ್ದಾಣದ ಮೂಲಕ; ಅಲ್ಲಿಂದ ಜಹೀರಾಬಾದ್, ಹುಮನಾಬಾದ್ ದಾಟಿ ಊರಿಗೆ. ಹೀಗೆ ಬಂದ ಮಕ್ಕಳ ಬಾಯಲ್ಲಿ ಹಿರಿಯರಿಗೆ ಅರ್ಥವಾಗದ ಒಂದು ಮಾತು ಆಗಾಗ ಕೇಳಿಬರುತ್ತದೆ: ‘ನನಗೆ ಈ ವರ್ಷ ಗೋಲ್ಡ್ ಬಂತು’, ‘ಪ್ಲಾಟಿನಂ ಆಯಿತು’. ಬಂಗಾರದ ಮಾತೆಂದು ತಿಳಿದು ‘ಎಷ್ಟು ತೊಲಿ?’ ಎಂದು ಕೇಳಿದ ತಾಯಂದಿರೂ ಇದ್ದಾರೆ. ಆದುದರಿಂದ ಈ ವಿಷಯವನ್ನು ನಮ್ಮ ಓದುಗ ಬಂಧುಗಳ ಮುಂದೆ ತುಸು ಬಿಡಿಸಿಡುವುದು ಉಚಿತವೆನಿಸಿತು.

ಒಂದೇ ವಿಮಾನ ಸಂಸ್ಥೆಯಲ್ಲಿ ಪದೇ ಪದೇ ಪ್ರಯಾಣ ಮಾಡುವವರನ್ನು ತನ್ನಲ್ಲೇ ಉಳಿಸಿಕೊಳ್ಳಲು ಆ ಸಂಸ್ಥೆಯು ಕೊಡುವ ಗೌರವವೇ ಇದು. ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯು 1981ರ ಮೇ 1ರಂದು ಇಂತಹ ಯೋಜನೆಯನ್ನು ಆರಂಭಿಸಿತು, ಉಳಿದವರು ಬೆನ್ನುಹತ್ತಿದರು. ನಮ್ಮ ಏರ್ ಇಂಡಿಯಾದ ಯೋಜನೆಗೆ ಬಹುಕಾಲ ‘ಫ್ಲೈಯಿಂಗ್ ರಿಟರ್ನ್ಸ್’ ಎಂಬ ಹೆಸರಿದ್ದು, 2025ರಲ್ಲಿ ಅದು ‘ಮಹಾರಾಜ ಕ್ಲಬ್’ ಆಯಿತು. ರೆಡ್, ಸಿಲ್ವರ್, ಗೋಲ್ಡ್, ಪ್ಲಾಟಿನಂ ಎಂದು ಅದರಲ್ಲಿ ನಾಲ್ಕು ಮೆಟ್ಟಿಲುಗಳು.

ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಒಂದು ಅಂಕ, ಇನ್ನೊಂದು ಸ್ಥಾನ. ಅಂಕವೆಂಬುದು ಹಗೇವಿನಲ್ಲಿಟ್ಟ ಜೋಳದಂತೆ. ಅದನ್ನು ತೆಗೆದು ತಾಯಿಗೋ ತಂಗಿಗೋ ಟಿಕೆಟ್ ಕೊಳ್ಳಬಹುದು. ಬಹುಕಾಲ ಇಟ್ಟರೆ ಹುಳ ಹಿಡಿಯುವಂತೆ ಅದರ ಬೆಲೆಯೂ ಇಳಿಯುತ್ತದೆ, ಕೆಲವೆಡೆ ಅವಧಿ ಮುಗಿದು ಇಲ್ಲವೇ ಆಗುತ್ತದೆ. ಸ್ಥಾನವು ಹಾಗಲ್ಲ. ಅದು ಪಡೆದವನ ಹೆಸರಿಗೆ ಮಾತ್ರ ಅಂಟಿದ್ದು, ಸಾಮಾನ್ಯವಾಗಿ ಪ್ರತಿ ವರ್ಷವೂ ಹೊಸದಾಗಿ ಗಳಿಸಬೇಕಾದದ್ದು. ಮಗನು ಪ್ಲಾಟಿನಂ ಆಗಿದ್ದರೂ ತಾಯಿಯು ಒಬ್ಬಳೇ ಪ್ರಯಾಣ ಮಾಡುವಾಗ ಅದರಿಂದ ಆಕೆಗೆ ಯಾವ ಮನ್ನಣೆಯೂ ದೊರೆಯದು. ಇದನ್ನರಿಯದೆ ಮಗನ ಕಾರ್ಡಿನ ಚಿತ್ರವನ್ನು ಫೋನಿನಲ್ಲಿ ತೋರಿಸಿ ಕೌಂಟರಿನಲ್ಲಿ ನಿರಾಶರಾದವರನ್ನು ನಾನು ಬಲ್ಲೆ.

ಸ್ಥಾನವಿದ್ದವರಿಗೆ ದೊರೆಯುವುದೇನು? ಬೇರೆ ಸಾಲು, ವಿಮಾನದೊಳಗೆ ಮೊದಲ ಪ್ರವೇಶ, ಮೊದಲು ಹೊರಬರುವ ಸಾಮಾನು, ಊಟೋಪಚಾರವುಳ್ಳ ಲೌಂಜು. 1997ರಲ್ಲಿ ಹುಟ್ಟಿದ ‘ಸ್ಟಾರ್ ಅಲಯನ್ಸ್’ ಎಂಬ ಕೂಟಕ್ಕೆ ಏರ್ ಇಂಡಿಯಾ 2014ರಲ್ಲಿ ಸೇರಿತು. ಆ ಕೂಟದ ಗೋಲ್ಡ್ ಸ್ಥಾನದವರು ಅದರ ಯಾವ ಸಂಸ್ಥೆಯ ವಿಮಾನವೇರಿದರೂ 20 ಕಿಲೋ ಅಥವಾ ಒಂದು ಪೆಟ್ಟಿಗೆ ಹೆಚ್ಚಿಗೆ ಒಯ್ಯಬಹುದು. (ಕಲಬುರಗಿಗೆ ಮೊದಲು ಬಂದ ‘ಸ್ಟಾರ್ ಏರ್’ಗೂ ಈ ಕೂಟಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ; ಕೇಳಿದವರು ಹಲವರಿರುವುದರಿಂದ ಹೇಳಿದೆ.) ಕಟಕ ರೊಟ್ಟಿ, ಶೇಂಗಾ ಹಿಂಡಿ, ತೊಗರಿ ಬೇಳೆಗಳನ್ನು ಕಟ್ಟಿಕೊಡುವ ನಮ್ಮ ಮನೆಗಳಿಗೆ ಲೌಂಜಿನ ಮೆತ್ತನೆಯ ಕುರ್ಚಿಗಿಂತ ಈ 20 ಕಿಲೋವೇ ದೊಡ್ಡದು. ಫ್ರಾಂಕ್‌ಫರ್ಟಿನಲ್ಲಿ ಲುಫ್ತಾನ್ಸಾದ ಅತ್ಯುನ್ನತ ಸ್ಥಾನದವರನ್ನು ಕಾರಿನಲ್ಲಿ ವಿಮಾನದ ಬಳಿಗೇ ಒಯ್ಯುತ್ತಾರೆ. ಅದು ಕೇಳಲು ಸೊಗಸು, ಅಷ್ಟೆ.

ನನ್ನ ದೃಷ್ಟಿಯಲ್ಲಿ ಈ ಸ್ಥಾನಕ್ಕೆ ನಿಜವಾದ ಬೆಲೆ ಬರುವುದು ಎಲ್ಲವೂ ಸುಗಮವಾಗಿರುವ ದಿನದಲ್ಲಿ ಅಲ್ಲ, ಕೆಟ್ಟ ದಿನದಲ್ಲಿ. ಇದನ್ನು ನಾನು ನನ್ನ ಅಕ್ಕನ ಮಗನಿಂದ ತಿಳಿದೆ.

ಅಕ್ಕನ ಮನೆ ಜೇವರ್ಗಿ ತಾಲ್ಲೂಕಿನಲ್ಲಿ. ಅವಳ ಮಗನು ಅಮೆರಿಕದಲ್ಲಿದ್ದು, ಕಂಪನಿಯ ಕೆಲಸಕ್ಕಾಗಿ ತಿಂಗಳಿಗೊಮ್ಮೆಯಾದರೂ ಯೂರೋಪಿಗೆ ಹೋಗಿಬರುತ್ತಿದ್ದ. ಎಂಟು ವರ್ಷಗಳಿಂದ ಮೇಲಿನ ಸ್ಥಾನ ಕಾಯ್ದುಕೊಂಡಿದ್ದ. ಕೆಲವು ವರ್ಷಗಳ ಹಿಂದಿನ ಒಂದು ಚಳಿಗಾಲದಲ್ಲಿ ಭಾವನವರ ಆರೋಗ್ಯ ತೀರ ಹದಗೆಟ್ಟಿತು. ನಾನೇ ಫೋನು ಮಾಡಿ, ‘ತಡಮಾಡಬ್ಯಾಡ, ಹೊಂಟು ಬಾ’ ಎಂದೆ. ಅವನು ಅದೇ ರಾತ್ರಿ ಹೊರಟ. ನಡುವಿನ ಯೂರೋಪಿನ ನಿಲ್ದಾಣದಲ್ಲಿ ಹಿಮ ಬಿದ್ದು ಹೈದರಾಬಾದಿನ ವಿಮಾನ ರದ್ದಾಯಿತು. ನೂರಾರು ಜನರ ಸಾಲು. ಇವನ ಕಾರ್ಡಿಗೆ ಬೇರೆ ಕೌಂಟರು, ಬೇರೆ ಫೋನು ಸಂಖ್ಯೆ. ಅರ್ಧ ತಾಸಿನೊಳಗೆ ಬೇರೊಂದು ಊರಿನ ಮೂಲಕ ಅದೇ ಸಂಜೆ ಹೊರಡುವ ವಿಮಾನದಲ್ಲಿ ಉಳಿದಿದ್ದ ಒಂದು ಆಸನ ಅವನಿಗೆ ದೊರೆಯಿತು.

ಆ ಉದ್ದ ಸಾಲಿನ ಕೊನೆಗೆ ನಮ್ಮ ಕಡೆಯ ಮಾತು ಕೇಳಿ ಅವನು ತಿರುಗಿ ನೋಡಿದನಂತೆ. ಆಳಂದ ಕಡೆಯ ವೃದ್ಧ ದಂಪತಿಗಳು, ಮಗಳ ಬಾಣಂತನ ಮುಗಿಸಿ ಮರಳುತ್ತಿದ್ದವರು. ಆ ತಾಯಿಗೆ ಮೊಣಕಾಲು ನೋವು, ನಿಲ್ಲಲಾಗದು. ಸಂಜೆಯವರೆಗೆ ಅವರನ್ನು ಲೌಂಜಿನಲ್ಲಿ ಕೂಡಿಸೋಣವೆಂದು ಇವನು ಕರೆದೊಯ್ದ. ಬಾಗಿಲಲ್ಲಿ ನಿಯಮ ಅಡ್ಡಬಂದಿತು: ಕಾರ್ಡಿಗೆ ಒಬ್ಬರೇ ಅತಿಥಿ, ಅದೂ ಅದೇ ವಿಮಾನದವರಾಗಿರಬೇಕು. ವಿಮಾನವೇನೋ ಒಂದೇ ಆಗಿತ್ತು. ಆದರೆ ಅವರು ಇಬ್ಬರು. ಅವನು ಎಷ್ಟು ಹೇಳಿಕೊಂಡರೂ ಆ ಹುಡುಗಿ ಒಪ್ಪಲಿಲ್ಲ. ಆಗ ಆ ಹಿರಿಯರು, ‘ಆಕೀನ್ನ ಕರಕೊಂಡು ಹೋಗೋ ತಮ್ಮಾ, ನಾ ಇಲ್ಲೇ ಸಾಮಾನ ಕಾಯ್ತೀನಿ’ ಎಂದು ಗೋಡೆಗೆ ಒರಗಿ ನೆಲದ ಮೇಲೆ ಕುಳಿತರಂತೆ. ಆ ತಾಯಿ ಒಳಗೆ ಹೋಗಿ ಒಂದು ಗುಟುಕು ಚಹಾ ಕುಡಿದು ಹತ್ತೇ ನಿಮಿಷದಲ್ಲಿ ಎದ್ದುಬಂದು ಗಂಡನ ಪಕ್ಕದಲ್ಲಿ ಕುಳಿತಳು. ಅವರಿಗೆ ಆಸನ ದೊರೆತದ್ದು ಎರಡನೆಯ ದಿನ.

ನಮ್ಮ ಹುಡುಗನು ಶಂಷಾಬಾದಿನಲ್ಲಿ ಇಳಿದು ಫೋನು ತೆರೆಯುವಷ್ಟರಲ್ಲಿ ಭಾವನವರು ಲಿಂಗೈಕ್ಯರಾಗಿದ್ದರು. ಐದಾರು ತಾಸಿನ ರಸ್ತೆ. ಕಟ್ಟಿಸಂಗಾವಿಯ ಸೇತುವೆಯ ಮೇಲೆ ಭೀಮೆಯನ್ನು ದಾಟುವಾಗ, ‘ಮಾಮಾ, ಬಂದೆ, ಸ್ವಲ್ಪ ತಡೀರಿ’ ಎಂದ. ಊರವರು ತಡೆದಿದ್ದರು. ಸಂಜೆಯೊಳಗೆ ಅವನು ತಂದೆಯ ಮುಖ ನೋಡಿ, ಮಣ್ಣು ಕೊಟ್ಟ. ಕಾರ್ಡು ಇಲ್ಲದಿದ್ದರೆ ಅದೂ ಆಗುತ್ತಿರಲಿಲ್ಲ.

ಕೆಲವು ದಿನಗಳ ಮೇಲೆ ಕಟ್ಟೆಯ ಮೇಲೆ ಕುಳಿತಾಗ ನಾನು ಇದನ್ನೇ ಅವನಿಗೆ ಹೇಳಿದೆ. ಅವನೆಂದ: ‘ಖರೆ ಮಾಮಾ. ಆದರೆ ಆ ಕಾರ್ಡು ಆದದ್ದು ಹ್ಯಾಂಗ? ನಾ ಮನೀಗೆ ಬರದ ದಿನಗಳಿಂದನೇ ಆತು.’ ನಾನು ಉತ್ತರ ಕೊಡಲಿಲ್ಲ.

ಈ ಸ್ಥಾನಕ್ಕಾಗಿ ಬೆನ್ನುಹತ್ತುವವರು ಇನ್ನೂ ಕೆಲವನ್ನು ತಿಳಿದಿರಬೇಕು. ಮೊದಲು ಹಾರಿದ ಮೈಲುಗಳನ್ನು ಎಣಿಸುತ್ತಿದ್ದರು. 2015ರಲ್ಲಿ ಡೆಲ್ಟಾ ಮತ್ತು ಯುನೈಟೆಡ್, 2016ರಲ್ಲಿ ಅಮೆರಿಕನ್, 2024ರಲ್ಲಿ ಏರ್ ಇಂಡಿಯಾ ಕೊಟ್ಟ ಹಣದ ಲೆಕ್ಕಕ್ಕೆ ಅಂಕ ಕೊಡಲಾರಂಭಿಸಿದವು. ವರ್ಷಾಂತ್ಯದಲ್ಲಿ ಸ್ಥಾನಕ್ಕೆ ಅಲ್ಪವೇ ಕಡಿಮೆಯಾಯಿತೆಂದು, ಕೆಲಸವಿಲ್ಲದಿದ್ದರೂ ವಿಮಾನವೇರಿ ಹೋಗಿ ಬರುವವರುಂಟು. ಸ್ವಂತ ಹಣದಲ್ಲಿ ಹಾಗೆ ಮಾಡುವುದು ನಷ್ಟದ ವ್ಯಾಪಾರ. ಕಂಪನಿಯ ಹಣದಲ್ಲಿ, ಅಗ್ಗದ ಟಿಕೆಟ್ ಇರುವಾಗ ಅಂಕದ ಆಸೆಗೆ ದುಬಾರಿಯದನ್ನು ಕೊಳ್ಳುವುದು ಕಾಯಕಕ್ಕೆ ಒಪ್ಪುವ ಮಾತಲ್ಲ. ಇನ್ನು, ಸ್ಥಾನ ಕೊಟ್ಟ ಸಂಸ್ಥೆಯೇ ಉಳಿಯುವುದೆಂಬ ಭರವಸೆಯೂ ಇಲ್ಲ. ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ 2012ರಲ್ಲಿ ನಿಂತಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ಹಾರಾಟ ನಿಲ್ಲಿಸಿತು, ಅದರ ಪ್ಲಾಟಿನಂ ಕಾರ್ಡುಗಳು ಒಂದೇ ರಾತ್ರಿಯಲ್ಲಿ ಬರಿಯ ಪ್ಲಾಸ್ಟಿಕ್ ಆದವು. ವಿಸ್ತಾರಾ ಸಂಸ್ಥೆಯು 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ವಿಲೀನವಾಯಿತು.

ಕಾರ್ಡು ಇಲ್ಲದವರಿಗೂ ಸಲ್ಲುವ ಹಕ್ಕುಗಳಿವೆ; ಅದನ್ನು ನಮ್ಮ ಹಿರಿಯರಿಗೆ ಹೇಳುವವರು ಕಡಿಮೆ. ನಡೆಯಲಾರದವರಿಗೆ ಗಾಲಿಕುರ್ಚಿಯ ಸಹಾಯವನ್ನು ಟಿಕೆಟ್ ಮಾಡಿಸುವಾಗಲೇ ಕೇಳಬೇಕು. ಅದಕ್ಕೆ ಯಾವ ಸ್ಥಾನವೂ ಬೇಡ, ಹಣವೂ ಬೇಡ. ಯೂರೋಪಿನ ಒಕ್ಕೂಟದ ನಿಲ್ದಾಣದಿಂದ ಹೊರಡುವ ವಿಮಾನ ರದ್ದಾದರೆ, ಹಿಮವೇ ಕಾರಣವಾದರೂ, ಊಟ, ರಾತ್ರಿ ತಂಗಲು ಹೋಟೆಲು, ಬೇರೆ ವಿಮಾನದಲ್ಲಿ ಆಸನ ಅಥವಾ ಹಣ ವಾಪಸು ಕೊಡುವುದು ಸಂಸ್ಥೆಯ ಕರ್ತವ್ಯವೆಂದು ಅಲ್ಲಿನ 2004ರ ಕಾನೂನು ಹೇಳುತ್ತದೆ. ನಮ್ಮ ದೇಶದಲ್ಲಿಯೂ ರದ್ದಾದ ವಿಮಾನಕ್ಕೆ ಬದಲಿ ವಿಮಾನ ಇಲ್ಲವೆ ಹಣ ವಾಪಸು ಕೇಳುವ ಅವಕಾಶವಿದೆ. ಆಳಂದದ ಆ ದಂಪತಿಗಳು ಒಂದು ರಾತ್ರಿಯನ್ನು ನೆಲದ ಮೇಲೆ ಕಳೆದದ್ದು ಹಕ್ಕಿಲ್ಲದೆ ಅಲ್ಲ, ಕೇಳಬೇಕೆಂದು ತಿಳಿಯದೆ. ಪರದೇಶದಲ್ಲಿರುವ ಮಕ್ಕಳು ತಂದೆತಾಯಿಗಳನ್ನು ಕಳಿಸುವಾಗ ಇದನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು, ಅದೇ ಮಾತನ್ನು ಇಂಗ್ಲಿಷಿನಲ್ಲಿಯೂ ಬರೆದು, ಪಾಸ್‌ಪೋರ್ಟಿನೊಳಗೆ ಇಟ್ಟುಕೊಡಲಿ.

ಅಕ್ಕನ ಮಗ ಆ ಸಲ ಮೂರು ತಿಂಗಳು ಊರಲ್ಲಿಯೇ ನಿಂತ. ಆಮೇಲೂ ಯೂರೋಪಿನ ಓಡಾಟವನ್ನು ಕಡಿಮೆ ಮಾಡಿದ. ವರ್ಷ ಮುಗಿದಾಗ ಸಂಸ್ಥೆಯಿಂದ ಪತ್ರ ಬಂದಿತು: ಸ್ಥಾನ ಒಂದು ಮೆಟ್ಟಿಲು ಇಳಿದಿದೆ ಎಂದು. ಅಂಕಗಳು ಮಾತ್ರ ಹಾಗೆಯೇ ಉಳಿದಿದ್ದವು. ಅವುಗಳನ್ನೆಲ್ಲ ತೆಗೆದು ತಾಯಿಗೆ ಹೋಗಿಬರುವ ಟಿಕೆಟ್ ಮಾಡಿಸಿದ್ದಾನೆ, ಬರುವ ಮೇ ತಿಂಗಳಿಗೆ. ಗಾಲಿಕುರ್ಚಿಗೂ ಹೇಳಿಟ್ಟಿದ್ದಾನೆ. ಹೋಗುವಾಗ ಜೊತೆಗೆ ತಾನೇ ಬರುತ್ತೇನೆಂದು ಬರೆದಿದ್ದಾನೆ.