‘ಡ್ರಾಸ್ಟಿಕಲಿ’ ಮತ್ತು ಸೈದಾಪುರ ಸೀಮೆಯ ‘ಏಕದಂ’, ‘ಪೂರಾ’: ತೀವ್ರ ಬದಲಾವಣೆಯ ಕ್ರಿಯಾವಿಶೇಷಣಗಳು

ಇಂಗ್ಲಿಷಿನ ‘ಡ್ರಾಸ್ಟಿಕಲಿ’ ಎಂಬ ಕ್ರಿಯಾವಿಶೇಷಣಕ್ಕೆ ಕನ್ನಡ ಅನುವಾದಗಳಲ್ಲಿ ‘ಆಮೂಲಾಗ್ರವಾಗಿ’ ಎಂಬ ಪದವನ್ನು ಬಳಸುವುದುಂಟು. ‘ಕಾಯಿದೆಯನ್ನು ಆಮೂಲಾಗ್ರವಾಗಿ ಬದಲಿಸಲಾಯಿತು’ ಎಂಬಲ್ಲಿ ತೊಡಕಿಲ್ಲ; ‘ಮಳೆ ಆಮೂಲಾಗ್ರವಾಗಿ ಕಡಿಮೆಯಾಯಿತು’ ಎಂಬುದು ಮಾತ್ರ ಕಿವಿಗೆ ಒಗ್ಗದು. ಬೇರಿನಿಂದ ತುದಿಯವರೆಗೆ ಎಂಬ ಸಮಾಸಾರ್ಥ ವ್ಯಾಪ್ತಿಯನ್ನು ಸೂಚಿಸುತ್ತದೆಯೇ ಹೊರತು ಪ್ರಮಾಣವನ್ನಲ್ಲ. ಬೇರಿನ ರೂಪಕ ವಾಸ್ತವವಾಗಿ ಲ್ಯಾಟಿನ್ ಮೂಲದ ‘ರ್‍ಯಾಡಿಕಲಿ’ಗೆ ಸಲ್ಲತಕ್ಕದ್ದು. ‘ಡ್ರಾಸ್ಟಿಕ್’ ಆದರೋ ‘ಮಾಡು’ ಎಂಬರ್ಥದ ಗ್ರೀಕ್ ಧಾತುವಿನಿಂದ ಬಂದದ್ದು. ‘ಡ್ರಾಮಾ’ ಪದವೂ ಅದೇ ಧಾತುವಿನದು. ಇಂಗ್ಲಿಷಿನಲ್ಲಿ ಅದು ಮೊದಲು ಉಗ್ರ ಔಷಧಗಳಿಗೆ, ವಿಶೇಷವಾಗಿ ವಿರೇಚಕಗಳಿಗೆ, ಹತ್ತಿದ ವಿಶೇಷಣ. ಇಂದಿಗೂ ಅದು ‘ಕಡಿತಗೊಳಿಸು’, ‘ಇಳಿಸು’ ಎಂಬರ್ಥದ ಕ್ರಿಯಾಪದಗಳೊಡನೆ ಹೆಚ್ಚು ಸಲೀಸಾಗಿ ಕೂಡುವುದಕ್ಕೆ ಆ ಉಗ್ರತೆಯ ಛಾಯೆಯೇ ಕಾರಣವಿರಬೇಕು.

ಈ ಒಂದೇ ಪದದೊಳಗೆ ಬೆರೆತಿರುವ ಅರ್ಥಗಳನ್ನು ಯಾದಗಿರಿ ಜಿಲ್ಲೆಯ ಸೈದಾಪುರ ಸೀಮೆಯ ಆಡುಗನ್ನಡ ಬೇರೆಬೇರೆಯಾಗಿ ಹಂಚಿಕೊಂಡಿದೆ. ಉರ್ದು, ತೆಲುಗುಗಳ ನೆರೆಯಲ್ಲಿ ಬೆಳೆದ ಈ ನುಡಿಯ ಎರಡು ಮಾದರಿಗಳನ್ನು ನೋಡಬಹುದು:

(೧) ಹತ್ತಿ ರೇಟು ಏಕದಂ ಬಿದ್ದದ.
(೨) ಊರು ಪೂರಾ ಬದಲಾಗ್ಯದ.

‘ಏಕದಂ’ ಎಂದರೆ ಮೂಲತಃ ‘ಒಂದೇ ಉಸಿರಿಗೆ’. ಪಾರಸಿಯ ‘ದಮ್’ ಉಸಿರು. ಆದ್ದರಿಂದ (೧)ರಲ್ಲಿ ಮುಖ್ಯವಾದುದು ಹಠಾತ್ತು. ಕುಸಿತ ದೊಡ್ಡದೆಂಬುದು ಊಹೆಯಿಂದ ಸೇರುವ ಅರ್ಥ. ಆದರೆ ‘ಏಕದಂ ಚೊಲೊ’ ಎಂಬಲ್ಲಿ ಕಾಲದ ಅಂಶವೇ ಅಳಿದು ಬರಿಯ ಮಾತ್ರಾವಾಚಕ ಉಳಿದಿದೆ. ಔಷಧದ ಉಗ್ರತೆಯಿಂದ ಪ್ರಮಾಣಕ್ಕೆ ಸರಿದ ‘ಡ್ರಾಸ್ಟಿಕಲಿ’ಯೂ ಬೇರೊಂದು ದಾರಿಯಿಂದ ಇದೇ ನೆಲೆಗೆ ಬಂದಿದೆ.

(೨) ಹೆಚ್ಚು ಕುತೂಹಲಕರ. ‘ಪೂರಾ’ ನಾಮಪದಕ್ಕೆ ಹತ್ತಿದರೆ ‘ಇಡೀ ಊರು’, ಕ್ರಿಯಾಪದಕ್ಕೆ ಹತ್ತಿದರೆ ‘ಸಂಪೂರ್ಣ ಬದಲಾವಣೆ’. ‘ಪೂರಾ ಬದಲಾಗ್ಯದ ಊರು’ ಎಂದು ಕರ್ತೃವನ್ನು ಹಿಂದಕ್ಕೆ ಸರಿಸಿದರೆ ಮೊದಲ ಅರ್ಥ ಹಿಂಜರಿದು ಎರಡನೆಯದೇ ಮುಂದೆ ಬರುತ್ತದೆ. ಇಂಗ್ಲಿಷ್ ಪದಕ್ಕೆ ಈ ದ್ವಂದ್ವವಿಲ್ಲ. ಅದು ನಾಮಪದವನ್ನು ಪರಿಮಾಣಿಸಲಾರದು. ಮೇಲಾಗಿ ‘ಪೂರಾ’ ಕೊನೆಯ ಎಲ್ಲೆಯನ್ನು ಮುಟ್ಟಿದ ಬದಲಾವಣೆಯನ್ನೇ ಬಯಸುತ್ತದೆ. ‘ನೀರು ಪೂರಾ ಇಳದದ’ ಎಂದರೆ ಇಳಿಯಬೇಕಾದುದೆಲ್ಲ ಇಳಿದಿದೆ. ‘ಡ್ರಾಸ್ಟಿಕಲಿ’ ಇಳಿದ ನೀರು ಇನ್ನೂ ಇಳಿಯುವುದಕ್ಕೆ ಅವಕಾಶವಿದೆ.

ಹೀಗಿರುವಾಗ ಬರ ಪರಿಹಾರದ ಅರ್ಜಿಯಲ್ಲಿ ‘ಇಳುವರಿ ಪೂರಾ ಹೋಗ್ಯದ’ ಎಂಬ ರೈತನ ಹೇಳಿಕೆಯನ್ನು ‘ಡ್ರಾಸ್ಟಿಕಲಿ’ ಕುಗ್ಗಿದೆ ಎಂದು ಭಾಷಾಂತರಿಸಿದರೆ, ಪೂರ್ಣ ನಷ್ಟ ಭಾಗಶಃ ನಷ್ಟವಾಗಿ ದಾಖಲಾಗುತ್ತದೆ. ಪ್ರಮಾಣವನ್ನಷ್ಟೇ ಹೇಳಬೇಕಾದೆಡೆ ಶಿಷ್ಟ ಕನ್ನಡದಲ್ಲಿ ‘ತೀವ್ರವಾಗಿ’ ಸಾಕು. ‘ಗಣನೀಯವಾಗಿ’ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು.